ಕಿರಿಕೊ ಲೋಟ ಇರೋದು ದಿನಾ ಬಳಸೋಕೆ

ನಮ್ಮ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳ ಪಕ್ಕದಲ್ಲೇ ಎದೊ ಕಿರಿಕೊ ಲೋಟಗಳಿವೆ. ಎದೊ ಅನ್ನೋದು ಟೋಕಿಯೊದ ಹಳೆಯ ಹೆಸರು, ಕಿರಿಕೊ ಅಂದ್ರೆ ಸಾಣೆ ಹಿಡಿದು ಚಿತ್ತಾರ ಕೊರೆದ ಗಾಜು. ಇಲ್ಲಿಗೆ ಬರುವ ನಮ್ಮೂರಿನವರು ಅದನ್ನು ನೋಡಿದ ಕೂಡಲೇ "ಇದನ್ನ ಶೋಕೇಸಲ್ಲಿ ಇಡಿ, ಇಲ್ಲ ಅಂದ್ರೆ ಒಡೆದುಹೋಗುತ್ತೆ" ಅನ್ನುತ್ತಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಯಾಕೆ ಅನ್ನೋದನ್ನು ಇಲ್ಲಿ ಬರೆಯುತ್ತೇನೆ.

ನಾವಿರೋದು ಟೋಕಿಯೊದ ಪೂರ್ವಕ್ಕೆ, ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ. ಇಲ್ಲಿ ಭಾರತದವರು ಜಾಸ್ತಿ ಅಂತ ಬಹಳ ಜನರಿಗೆ ಗೊತ್ತು. ಕರಿಬೇವು, ತೊಗರಿಬೇಳೆ ಎಲ್ಲ ಸಿಗುತ್ತದೆ. ಆದರೆ ಪಕ್ಕದ ಕೊತೊ ಮತ್ತು ಸುಮಿದಾ ವಾರ್ಡುಗಳು ಗಾಜಿನ ಕೆಲಸದವರ ಊರು ಅನ್ನೋದು ಇಲ್ಲೇ ಇರುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನದಿ, ಕಾಲುವೆಗಳ ಪ್ರದೇಶ ಇದು. ಸಾಮಾನು ಸಾಗಿಸೋಕೆ ಅನುಕೂಲ ಅಂತ ಹಿಂದೆ ಇಲ್ಲಿ ಗಾಜಿನ ಕಾರ್ಖಾನೆಗಳು ಬೆಳೆದವು. ಟೋಕಿಯೊದಲ್ಲಿ ಗಾಜಿನ ಕುಲುಮೆಗಳು ಈಗ ಬೆರಳೆಣಿಕೆಯಷ್ಟು. ಕೊರೆಯುವವರ ಚಿಕ್ಕ ಚಿಕ್ಕ ಕಾರ್ಯಾಗಾರಗಳು ಮಾತ್ರ ಗಲ್ಲಿಗಳಲ್ಲಿ ಇನ್ನೂ ಇವೆ. ಎಷ್ಟೋ ಕಡೆ ಕೆಳಗೆ ಕೆಲಸ, ಮೇಲೆ ಮನೆ.

ಕಿರಿಕೊ ಹುಟ್ಟಿದ್ದೇ ಪೇಟೆಯಲ್ಲಿ. ಟೋಕಿಯೊ ಇನ್ನೂ ಎದೊ ಆಗಿದ್ದಾಗ, 1834ರಲ್ಲಿ, ಓದೆನ್ಮಾ-ಚೊ ಅನ್ನುವ ವ್ಯಾಪಾರಿಗಳ ಕೇರಿಯಲ್ಲಿ ಕಗಾಯಾ ಕ್ಯೂಬೆ ಎಂಬಾತ ಎಮರಿ ಪುಡಿಯಿಂದ ಗಾಜಿನ ಮೇಲೆ ಚಿತ್ತಾರ ಕೊರೆದ. ಉಜ್ಜುಕಾಗದಕ್ಕೆ ಅಂಟಿಸುತ್ತಾರಲ್ಲ, ಅಂಥ ಗಡುಸು ಪುಡಿ ಅದು. ಆಮೇಲೆ 1881ರಲ್ಲಿ ಇಮ್ಯಾನುಯೆಲ್ ಹಾಪ್ಟ್‌ಮನ್ ಎಂಬ ಕುಶಲಕರ್ಮಿಯನ್ನು ಇಂಗ್ಲೆಂಡಿನಿಂದ ಶಿನಾಗಾವಾದ ಗಾಜಿನ ಕಾರ್ಖಾನೆಗೆ ಕರೆಸಿಕೊಂಡರು. ಚಕ್ರ ತಿರುಗಿಸಿ ಕೊರೆಯುವ ಯುರೋಪಿನ ವಿಧಾನವನ್ನು ಇಲ್ಲಿನವರು ಕಲಿತದ್ದು ಅವನಿಂದ. ಹೊರಗಿನ ತಂತ್ರ, ಒಳಗಿನ ಚಿತ್ತಾರ. ಎರಡೂ ಸೇರಿ ಇವತ್ತಿನ ಎದೊ ಕಿರಿಕೊ ಆಯಿತು. 2002ರಲ್ಲಿ ಜಪಾನ್ ಸರಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಕಲೆ ಅಂತ ಘೋಷಿಸಿತು.

ಇದಕ್ಕೆ ಜಪಾನಿನ ತೆಂಕಣದಲ್ಲಿ ಒಬ್ಬ ನೆಂಟನಿದ್ದಾನೆ, ಕಾಗೊಶಿಮಾದ ಸತ್ಸುಮಾ ಕಿರಿಕೊ. ಅದರ ಕಥೆ ಪೂರ್ತಿ ಬೇರೆ. 1846ರಲ್ಲಿ ಅಲ್ಲಿನ ದೊರೆ ಔಷಧಿ ಬಾಟಲಿಗಾಗಿ ಗಾಜಿನ ಕೆಲಸ ಶುರುಮಾಡಿಸಿದ. ಅವನ ಮಗ ಶಿಮಾಜು ನರಿಯಾಕಿರಾ ಅದನ್ನು ಬಣ್ಣದ ಕಿರಿಕೊ ಮಟ್ಟಕ್ಕೆ ಬೆಳೆಸಿದ. 1858ರಲ್ಲಿ ಅವನು ತೀರಿಕೊಂಡ. 1863ರಲ್ಲಿ ಬ್ರಿಟಿಷ್ ಹಡಗುಗಳ ತೋಪಿಗೆ ಕಾರ್ಖಾನೆಯೂ ಹೋಯಿತು. ಸ್ವಲ್ಪ ಕಾಲದಲ್ಲೇ ವಿದ್ಯೆಯೂ ನಿಂತುಹೋಯಿತು. ಮತ್ತೆ ಅದನ್ನು ಮಾಡೋಕೆ ಶುರುವಾದದ್ದು 1985ರಲ್ಲಿ. ಅಂದರೆ ನೂರು ವರ್ಷಕ್ಕೂ ಮೇಲೆ ಅದು ಇರಲೇ ಇಲ್ಲ! ಅದರಲ್ಲಿ ಬಣ್ಣದ ಪದರ ದಪ್ಪ. ಓರೆಯಾಗಿ ಕೊರೆದಾಗ ಕಡುಬಣ್ಣ ಮೆಲ್ಲಗೆ ತಿಳಿಯಾಗುತ್ತಾ ಹೋಗುತ್ತದೆ. ನೋಡೋಕೆ ತುಂಬಾ ಚೆಂದ, ನಿಜ. ಆದರೂ ನನ್ನ ಮನಸ್ಸು ಎದೊ ಕಡೆಗೇ. ಅರಮನೆಯ ನೆರಳಿಲ್ಲದೆ, ಕೊಳ್ಳುವ ಜನರನ್ನೇ ನಂಬಿಕೊಂಡು ಉಳಿದುಬಂದ ಕೆಲಸ ಇದು.

ಕೊರೆಯುವುದನ್ನು ಹತ್ತಿರದಿಂದ ನೋಡಬೇಕು. ಬಣ್ಣದ ಎದೊ ಲೋಟದಲ್ಲಿ ಎರಡು ಪದರ. ಒಳಗೆ ಬಣ್ಣವಿಲ್ಲದ ಗಾಜು, ಹೊರಗೆ ತೆಳ್ಳಗೆ ನೀಲಿಯೋ ಕೆಂಪೋ. ಮೊದಲು ಲೋಟದ ಮೇಲೆ ಅಡ್ಡ, ಉದ್ದ ಗೆರೆ ಎಳೆದು ಅಳತೆ ಹಾಕಿಕೊಳ್ಳುತ್ತಾರೆ. ಚಿತ್ತಾರ ಬರೆದುಕೊಳ್ಳುವುದಿಲ್ಲ, ಬರೀ ಗುರುತಿನ ಗೆರೆ. ಉಳಿದದ್ದೆಲ್ಲ ಕಣ್ಣಳತೆ. ಆಮೇಲೆ ನೀರು ತೊಟ್ಟಿಕ್ಕುತ್ತಾ ತಿರುಗುವ ವಜ್ರದ ಪುಡಿಯ ಚಕ್ರದ ಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಾರೆ. ಚಕ್ರ ಕೆಳಗೆ, ಲೋಟ ಮೇಲೆ. ಹಾಗಾಗಿ ಕೊರೆಯುವ ಜಾಗ ನೇರವಾಗಿ ಕಾಣುವುದಿಲ್ಲ. ಲೋಟದ ಒಳಗಿನಿಂದ, ಗಾಜಿನ ಮೂಲಕವೇ ನೋಡಿಕೊಂಡು ಕೈ ಆಡಿಸಬೇಕು. ಕಪ್ಪು ಲೋಟ ಎಲ್ಲಕ್ಕಿಂತ ಕಷ್ಟ ಅನ್ನುವುದು ಇದಕ್ಕೇ. ಕಪ್ಪಿನಲ್ಲಿ ಬೆಳಕು ದಾಟುವುದಿಲ್ಲವಲ್ಲ, ಆಗ ಸದ್ದು ಮತ್ತು ಕೈಗೆ ತಾಗುವ ಅದುರು ಮಾತ್ರ ಆಸರೆ.

ಆಗ ತಾನೇ ಕೊರೆದ ಗೆರೆ ಮಂಜು ಹಿಡಿದ ಹಾಗೆ ಬೆಳ್ಳಗಿರುತ್ತದೆ. ಅದನ್ನು ನುಣುಪು ಕಲ್ಲಿಗೆ ಕೊಟ್ಟು, ಆಮೇಲೆ ಮರದ ಚಕ್ರ, ಬ್ರಷ್ಷು, ಬಟ್ಟೆಯ ಚಕ್ರಗಳಲ್ಲಿ ತಿಕ್ಕಿ ಹೊಳಪು ತರುತ್ತಾರೆ. ಆಸಿಡ್‌ನಲ್ಲಿ ಅದ್ದಿ ಹೊಳಪು ತರುವ ದಾರಿಯೂ ಇದೆ, ಬೇಗ ಮುಗಿಯುತ್ತದೆ. ಆದರೆ ಕೈಯಿಂದ ತಿಕ್ಕಿದ ಗೆರೆಯ ಅಂಚಿನಲ್ಲಿ ಇರುವ ಚೂಪು ಅದರಲ್ಲಿ ಸ್ವಲ್ಪ ಮೆತ್ತಗಾಗುತ್ತದೆ ಅಂತ ನನಗೆ ಅನಿಸುತ್ತದೆ.

ಚಿತ್ತಾರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಕಿಕು-ತ್ಸುನಾಗಿ, ಸೇವಂತಿಗೆ ಸಾಲು. ಉದ್ದ, ಅಡ್ಡ, ಓರೆ ಗೆರೆಗಳು ಒಂದೇ ಚುಕ್ಕಿಯಲ್ಲಿ ಕೂಡಬೇಕು, ಆಗ ಅಲ್ಲೊಂದು ಹೂವು ಏಳುತ್ತದೆ. ಒಂದು ಗೆರೆ ಕೂದಲೆಳೆಯಷ್ಟು ಜರುಗಿದರೂ ಹೂವು ಕೆಡುತ್ತದೆ. ನಮ್ಮ ಚುಕ್ಕಿ ರಂಗೋಲಿ ಹಾಕಿ ಬೆಳೆದವರಿಗೆ ಇದರ ಲೆಕ್ಕ ಥಟ್ಟನೆ ಗೊತ್ತಾಗುತ್ತದೆ. ವ್ಯತ್ಯಾಸ ಏನಂದ್ರೆ ಇಲ್ಲಿ ಗೆರೆ ಒರೆಸಿ ಮತ್ತೆ ಎಳೆಯೋಕೆ ಆಗುವುದಿಲ್ಲ. ಮೀನಿನ ಮೊಟ್ಟೆಯಂತೆ ಕಾಣುವ ನನಾಕೊ, ಸೆಣಬಿನ ಎಲೆಯ ಅಸಾನೊಹಾ, ಬುಟ್ಟಿ ಹೆಣಿಗೆಯ ಕಗೊಮೆ ಇವೆಲ್ಲ ಇಲ್ಲಿನ ಬಟ್ಟೆಬರೆಯಲ್ಲೂ ಇರುವ ಹಳೆಯ ಚಿತ್ತಾರಗಳು. ಅಸಾನೊಹಾವನ್ನು ಮಕ್ಕಳ ಬಟ್ಟೆಗೆ ಹಾಕುತ್ತಿದ್ದರು, ಆ ಗಿಡ ನೆಟ್ಟಗೆ, ಬೇಗ ಬೆಳೆಯುತ್ತದೆ ಅಂತ.

ಈಗ ಬಳಸುವ ವಿಷಯಕ್ಕೆ ಬರುತ್ತೇನೆ. ಲೋಟ ಶೋಕೇಸಲ್ಲಿದ್ದರೆ ಕಾಣುವುದು ಅದರ ಹೊರಮೈ ಮಾತ್ರ. ಆದರೆ ಕೊರೆಯುವವರು ಅದನ್ನು ಒಳಗಿನಿಂದ ನೋಡಿಕೊಂಡು ಮಾಡಿದ್ದಾರೆ. ಕುಡಿಯುವವರೂ ಒಳಗಿನಿಂದಲೇ ನೋಡುತ್ತಾರೆ. ನೀರು ತುಂಬಿ ಬಗ್ಗಿ ನೋಡಿದರೆ ತಳದಲ್ಲಿ ಕೊರೆದ ಒಂದು ಹೂವು ಪಕ್ಕದ ಗೆರೆಗಳಲ್ಲೆಲ್ಲ ಬಿಂಬವಾಗಿ ಹತ್ತಾರು ಹೂವಾಗುತ್ತದೆ. ಒಂದೊಂದು ಗುಟುಕಿಗೂ ಅದು ಬದಲಾಗುತ್ತದೆ. ಖಾಲಿ ಲೋಟದಲ್ಲಿ ಇದು ಅರ್ಧವೂ ಕಾಣಲ್ಲ.

ಏನು ಹಾಕಿದರೆ ಚೆಂದ ಅನ್ನೋದೂ ಬಳಸಿದರೇ ಗೊತ್ತಾಗುವುದು. ಮಜ್ಜಿಗೆ ಬೇಡ, ಬೆಳಕನ್ನೇ ತಡೆದುಬಿಡುತ್ತದೆ. ಬೇಸಿಗೆಯಲ್ಲಿ ಇಲ್ಲಿನವರು ಕುಡಿಯುವ ತಣ್ಣನೆ ಬಾರ್ಲಿ ಚಹಾ ನೀಲಿ ಲೋಟಕ್ಕೆ ಒಪ್ಪುತ್ತದೆ. ನಮ್ಮ ಶಿರಸಿ ಕಡೆಯ ಮುರುಗಲು ಶರಬತ್ತಿಗೆ ಬಣ್ಣವಿಲ್ಲದ ಬಿಳಿ ಕಿರಿಕೊನೇ ಆಗಬೇಕು. ಆ ಕೆಂಪು ಪ್ರತಿಯೊಂದು ಗೀರಿನಲ್ಲೂ ಬೇರೆ ಬೇರೆ ಕೆಂಪಾಗಿ ಕಾಣುತ್ತದೆ. ಅತ್ತೆ ಇಲ್ಲಿಗೆ ಬಂದಾಗ ಲೋಟ ಎತ್ತಿ, ಬಾಯಿಗೆ ತಾಗಿಸದೆ ಕುಡಿದರು. ಕುಡಿದು ಲೋಟ ತಿರುಗಿಸಿ ನೋಡಿ "ಚೊಲೋ ಇದ್ದು" ಅಂದರು. ಎತ್ತಿ ಕುಡಿಯುವವರಿಗೂ ಇದು ಅನುಕೂಲವೇ. ಗೀರುಗಳಿರುವುದರಿಂದ ಒದ್ದೆ ಕೈಯಲ್ಲಿ ಜಾರುವುದಿಲ್ಲ.

ಬಿಸಿ ಮಾತ್ರ ಹಾಕಲೇಬಾರದು. ಕಾಫಿ ಕಷಾಯಕ್ಕೆ ಸ್ಟೀಲ್ ಲೋಟವೇ ಸರಿ. ಈ ಗಾಜಿನ ಒಂದು ಕಡೆ ಬಿಸಿಗೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೇ ಇದ್ದರೆ ಸೀಳು ಬಿಡುತ್ತದೆ. ಹಾಗಾಗಿ ಡಿಶ್‌ವಾಶರ್ ಬೇಡ. ಒಂದರೊಳಗೊಂದು ಪೇರಿಸುವುದೂ ಬೇಡ. ಮೆತ್ತನೆ ಸ್ಪಂಜು, ಉಗುರುಬೆಚ್ಚಗಿನ ನೀರು ಸಾಕು. ಗೀರಿನಲ್ಲಿ ಕಲೆ ಕೂತರೆ ಮೃದುವಾದ ಹಲ್ಲುಜ್ಜುವ ಬ್ರಷ್ಷು. ಇದಿಷ್ಟೇ ಆರೈಕೆ. ನಮ್ಮ ಕಂಚಿನ ಪಾತ್ರೆಗೆ ಮಾಡುವುದಕ್ಕಿಂತ ಕಡಿಮೆ ಅಲ್ವಾ?

ಕಿರಿಕೊ ಒಂದೇ ಅಲ್ಲ ಬಿಡಿ. ಸುಮಿದಾದ ಶೋತೊಕು ಗ್ಲಾಸ್ 1922ರಲ್ಲಿ ಬಲ್ಬಿನ ಗಾಜು ಊದುತ್ತಾ ಶುರುವಾದದ್ದು. ಅದೇ ಕೈಚಳಕದಿಂದ ಅವರು ಮಾಡುವ ಉಸುಹಾರಿ ಲೋಟದ ದಪ್ಪ ಸುಮಾರು 0.9 ಮಿಲಿಮೀಟರ್. ತುಟಿಗೆ ಗಾಜು ತಾಗಿದ್ದೇ ಗೊತ್ತಾಗುವುದಿಲ್ಲ, ನೀರು ಮಾತ್ರ. ಓಕಿನಾವಾದಲ್ಲಿ ಯುದ್ಧದ ನಂತರ ಅಮೆರಿಕದ ಸೇನಾ ನೆಲೆಗಳಿಂದ ಬಂದ ಖಾಲಿ ಕೋಲಾ, ಬಿಯರ್ ಬಾಟಲಿ ಕರಗಿಸಿ ಲೋಟ ಮಾಡಿದರು. ಅದರೊಳಗಿನ ಗುಳ್ಳೆಗಳನ್ನು ಜನ ಇಷ್ಟಪಟ್ಟೇ ಕೊಳ್ಳುತ್ತಾರೆ. ನಮ್ಮ ಎದೊಗಾವಾದಲ್ಲೇ ಊದಿ ಮಾಡುವ ಗಾಜಿನ ಗಾಳಿಗಂಟೆಗೆ ಬಣ್ಣವನ್ನು ಒಳಗಿನಿಂದ ಬಳಿಯುತ್ತಾರೆ. ಅದರ ಬಾಯಿಯ ಅಂಚನ್ನು ಬೇಕೆಂದೇ ಒರಟಾಗಿ ಬಿಡುತ್ತಾರೆ, ನಾದ ಚೆನ್ನಾಗಿ ಬರಲಿ ಅಂತ.

ಟೋಕಿಯೊಗೆ ಬರುವವರು ಕೊಳ್ಳುವ ಮನಸ್ಸಿದ್ದರೆ ಕೊತೊ ವಾರ್ಡಿನ ಕಮೆಯಿದೊ ಕಡೆ ಹೋಗಿ. ಎದೊ ಕಿರಿಕೊ ಸಂಘದ ಮಳಿಗೆ ಅಲ್ಲಿದೆ. ಬೆಲೆ ಕಡಿಮೆಯೇನಲ್ಲ. ಬಣ್ಣದ ಒಳ್ಳೆಯ ಲೋಟಕ್ಕೆ 10,000 ಯೆನ್‌ಗಿಂತ ಮೇಲೆಯೇ ಅಂದುಕೊಳ್ಳಿ. ಜೋಡಿ ಬೇಕು, ಸೆಟ್ಟೇ ಬೇಕು ಅಂತ ಏನೂ ಇಲ್ಲ, ಒಂದೇ ಸಾಕು. ಅಚ್ಚಿನಲ್ಲಿ ಒತ್ತಿದ ಅಗ್ಗದ ಲೋಟಗಳೂ ದೂರದಿಂದ ಹೀಗೇ ಕಾಣುತ್ತವೆ, ಅದಕ್ಕೆ ಗೀರಿನ ಮೇಲೆ ಬೆರಳಾಡಿಸಿ ನೋಡಿ. ಅಚ್ಚಿನದು ಬೆರಳಿಗೆ ದುಂಡು ದುಂಡು ಅನಿಸುತ್ತದೆ, ಕೊರೆದದ್ದರಲ್ಲಿ ಅಂಚು ಸ್ಪಷ್ಟವಾಗಿ ಸಿಗುತ್ತದೆ. ಆಮೇಲೆ ಅಂಗಡಿಯವರನ್ನು ಕೇಳಿ ಲೋಟವನ್ನು ದೀಪಕ್ಕೆ ಹಿಡಿದು ಬಾಯಿಯ ಕಡೆಯಿಂದ ತಳ ನೋಡಿ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದಲೇ ತೋರಿಸುತ್ತಾರೆ.