ಕಠಿಣ ಕಾನೂನು ಬೇಕು ಅನ್ನುವವರ ಜೊತೆ ಒಂದಿಷ್ಟು ಮಾತು

ಎಲ್ಲಾದರೂ ಬಾಂಬ್ ಸಿಡಿದರೆ ಆಮೇಲೆ ಏನೇನು ಆಗುತ್ತದೆ ಅನ್ನೋದು ನಮಗೆಲ್ಲ ಬಾಯಿಪಾಠ. ಮೊದಲ ದಿನ ಟಿವಿ ತುಂಬ ಹೊಗೆ, ಆಂಬುಲೆನ್ಸ್, ಅಳು. ಮಾರನೇ ದಿನ ಮಂತ್ರಿಗಳು ಬಂದು "ಯಾರನ್ನೂ ಬಿಡೋದಿಲ್ಲ" ಅನ್ನುತ್ತಾರೆ. ಅದಾದ ಮೇಲೆ ನಾಲ್ಕೈದು ಜನರ ಮುಖಕ್ಕೆ ಕಪ್ಪು ಬಟ್ಟೆ ಹಾಕಿ ಜೀಪಿನಿಂದ ಇಳಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಕಾನೂನು ಇನ್ನೂ ಬಿಗಿಯಾಗಬೇಕು ಅನ್ನೋ ಚರ್ಚೆ ಶುರು. ಆ ಬಟ್ಟೆಯೊಳಗಿದ್ದವರು ಕೊನೆಗೆ ಏನಾದರು ಅಂತ ಕೇಳೋಕೆ ಯಾರಿಗೂ ಪುರುಸೊತ್ತಿರೋದಿಲ್ಲ.

2025ರ ಜುಲೈನಲ್ಲಿ ಅದಕ್ಕೆ ಉತ್ತರ ತಾನಾಗಿಯೇ ಬಂತು. ಜುಲೈ 21ರಂದು ಬಾಂಬೆ ಹೈಕೋರ್ಟ್ 2006ರ ಮುಂಬೈ ಲೋಕಲ್ ರೈಲು ಸ್ಫೋಟದ ಕೇಸಿನಲ್ಲಿ ಎಲ್ಲಾ 12 ಮಂದಿಯ ಶಿಕ್ಷೆ ರದ್ದು ಮಾಡಿತು. ಅವರಲ್ಲಿ ಐವರಿಗೆ ಗಲ್ಲು ಶಿಕ್ಷೆ ಆಗಿತ್ತು. ಹತ್ತೇ ದಿನಕ್ಕೆ, 31ರಂದು, 2008ರ ಮಾಲೇಗಾಂವ್ ಸ್ಫೋಟದ ಕೇಸಿನಲ್ಲಿ ಏಳು ಮಂದಿಯನ್ನು ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ಕೇಸುಗಳ ವಿಶೇಷ ಕೋರ್ಟ್ ಬಿಟ್ಟಿತು. ಒಂದರಲ್ಲಿ ಆರೋಪಿಗಳು ಮುಸ್ಲಿಮರು, ಇನ್ನೊಂದರಲ್ಲಿ ಹಿಂದೂಗಳು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ಒಂದು ತೀರ್ಪಿಗೆ ಕುಣಿದು ಇನ್ನೊಂದಕ್ಕೆ ಬೈದರು, ಉಳಿದರ್ಧ ಜನ ಅದನ್ನೇ ತಿರುಗಿಸಿ ಮಾಡಿದರು. ರೈಲು ಸ್ಫೋಟದ ತೀರ್ಪನ್ನು ಬೇರೆ ಕೇಸುಗಳಿಗೆ ಆಧಾರ ಮಾಡಿಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು, ಬಿಟ್ಟವರನ್ನು ಮಾತ್ರ ವಾಪಸ್ ಜೈಲಿಗೆ ಕಳಿಸಲಿಲ್ಲ. ಇರಲಿ. ನನ್ನ ತಲೆಯಲ್ಲಿ ಕೂತದ್ದು ಬೇರೆ ಪ್ರಶ್ನೆ. ಆ ರೈಲುಗಳಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. 19 ವರ್ಷ ಆದ ಮೇಲೆ ಅವರ ಮನೆಯವರಿಗೆ ಏನು ಹೇಳೋದು? ಇವರಲ್ಲ ಅಂದರೆ ಬಾಂಬ್ ಇಟ್ಟವರು ಯಾರು? ತಪ್ಪು ಮನುಷ್ಯನನ್ನು ಒಳಗೆ ಹಾಕಿದರೆ ಸರಿಯಾದವನು ಹೊರಗೆ ಆರಾಮಾಗಿ ಇರುತ್ತಾನೆ ಅಂತ ಅಲ್ವಾ?

ನನ್ನದು ಚಿತ್ರದುರ್ಗದಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ. ವಕೀಲನಲ್ಲ, ಆದರೆ ಜಾಮೀನು ಅರ್ಜಿ ಟೈಪ್ ಮಾಡಿ ಮಾಡಿ ಒಂದಷ್ಟು ಗೊತ್ತಾಗುತ್ತದೆ. ಮಾಮೂಲಿ ಕೇಸಿನಲ್ಲಿ ಪೊಲೀಸರು 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕಬೇಕು, ಇಲ್ಲದಿದ್ದರೆ ಆರೋಪಿಗೆ ಜಾಮೀನು ಸಿಗುತ್ತದೆ. ಯುಎಪಿಎ, ಅಂದರೆ ಈಗಿನ ಭಯೋತ್ಪಾದನೆ ತಡೆ ಕಾನೂನಿನ ಕೇಸಿನಲ್ಲಿ ಅದನ್ನು 180 ದಿನದವರೆಗೆ ಎಳೆಯಬಹುದು. ಆಮೇಲೂ, ಪೊಲೀಸರ ಕಾಗದ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅಂತ ಜಡ್ಜ್‌ಗೆ ಅನ್ನಿಸಿದರೆ ಜಾಮೀನು ಕೊಡುವ ಹಾಗಿಲ್ಲ. ಈ ಎರಡೂ ಸೇರಿದ್ದು 2008ರ ಡಿಸೆಂಬರ್‌ನಲ್ಲಿ, ಮುಂಬೈ ದಾಳಿ ಆಗಿ ಮೂರೇ ವಾರಕ್ಕೆ. ಸಂಸತ್ತು ಎರಡು ದಿನದಲ್ಲಿ ಮುಗಿಸಿತು. ಆಗಿನ ಸಿಟ್ಟು ಅರ್ಥವಾಗುತ್ತದೆ. 166 ಜನ ಸತ್ತಿದ್ದರು, ನನಗೂ ಹೊಟ್ಟೆ ಉರಿದಿತ್ತು. ಆದರೆ ಕೇಸು ಹತ್ತು ವರ್ಷ ನಡೆಯುವ ದೇಶದಲ್ಲಿ ಜಾಮೀನು ಇಲ್ಲ ಅಂದರೆ ತೀರ್ಪಿಗೆ ಮೊದಲೇ ಶಿಕ್ಷೆ ಆಯಿತು ಅಂತಲೇ ಅರ್ಥ.

ಇದೆಲ್ಲ ಎಲ್ಲೋ ಮುಂಬೈ, ದೆಹಲಿ ಕಥೆ ಅನ್ನಬೇಡಿ. ನಮ್ಮ ರಾಜ್ಯದಲ್ಲೇ ಇದರ ದೊಡ್ಡ ಅಧ್ಯಾಯ ಇದೆ, ಸುಮ್ನೆ ಮರೆತಿದ್ದೇವೆ ಅಷ್ಟೇ. 2000ದಲ್ಲಿ ಅಣ್ಣಾವ್ರನ್ನು ವೀರಪ್ಪನ್ ಎತ್ತಿಕೊಂಡು ಹೋದಾಗ 108 ದಿನ ಇಡೀ ರಾಜ್ಯ ಉಸಿರು ಹಿಡಿದು ಕೂತಿತ್ತು. ಅವನ ಬೇಡಿಕೆಗಳಲ್ಲಿ ಒಂದು ನೆನಪಿದೆಯಾ? ಟಾಡಾ ಅನ್ನೋ ಹಳೇ ಭಯೋತ್ಪಾದನೆ ತಡೆ ಕಾನೂನಿನಡಿ ಹಿಡಿದು ಮೈಸೂರು ಜೈಲಿನಲ್ಲಿ ಇಟ್ಟಿದ್ದ ಕೈದಿಗಳನ್ನು ಬಿಡಬೇಕು ಅನ್ನೋದು. ಸರ್ಕಾರ ಒಪ್ಪಿತು, ಸುಪ್ರೀಂ ಕೋರ್ಟ್ ತಡೆಯಿತು. ವೀರಪ್ಪನ್ ಕೈಯಲ್ಲಿ ಸತ್ತ ಎಸ್‌ಐ ಒಬ್ಬರ ತಂದೆಯೇ ಕೋರ್ಟಿಗೆ ಹೋಗಿದ್ದರು, ಅವರ ನೋವೂ ಸಣ್ಣದಲ್ಲ. ಆದರೆ ಆ ಕೈದಿಗಳು ಯಾರು ಅಂತ ಆಗ ನಾವು ಯಾರೂ ಕೇಳಲಿಲ್ಲ.

1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ವೀರಪ್ಪನ್ ಇಟ್ಟ ನೆಲಬಾಂಬಿಗೆ 22 ಜನ ಸತ್ತಿದ್ದರು. ಆಮೇಲೆ ಅವನನ್ನು ಹಿಡಿಯೋಕೆ ಮಾಡಿದ್ದ ವಿಶೇಷ ಪೊಲೀಸ್ ಪಡೆ, ಎಸ್‌ಟಿಎಫ್, ಗಡಿ ಭಾಗದ ಹಳ್ಳಿಗಳಿಗೆ ನುಗ್ಗಿತು. ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಬಿತ್ತು, ಹೆಂಗಸರೂ ಇದ್ದರು. ಭಯೋತ್ಪಾದಕರಿಗೆ ಅಂತ ಮಾಡಿದ ಕಾನೂನು ಕಾಡಂಚಿನ ಬಡವರ ಮೇಲೆ. 2001ರಲ್ಲಿ ಮೈಸೂರಿನ ಟಾಡಾ ಕೋರ್ಟ್ ಅವರಲ್ಲಿ ಹೆಚ್ಚಿನವರನ್ನು ಬಿಟ್ಟಿತು. ಅಷ್ಟರಲ್ಲಿ ಎಂಟು ವರ್ಷ ಹೋಗಿತ್ತು. ಎಸ್‌ಟಿಎಫ್ ಕೊಟ್ಟ ಹಿಂಸೆಯ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು. ಭಾಗಿಸಿ ನೋಡಿ, ತಲೆಗೆ ಮೂರು ಲಕ್ಷ ಚಿಲ್ಲರೆ.

ಟಾಡಾ 1985ರಲ್ಲಿ ಬಂದಾಗ ಎರಡೇ ವರ್ಷಕ್ಕೆ ಅಂದಿದ್ದರು. ಹತ್ತು ವರ್ಷ ನಡೆಯಿತು. ದೇಶದಲ್ಲಿ 70 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು, ಶಿಕ್ಷೆ ಆದದ್ದು ನೂರಕ್ಕೆ ಇಬ್ಬರಿಗೂ ಇಲ್ಲ. 2002ರಲ್ಲಿ ಅಂಥದ್ದೇ ಇನ್ನೊಂದು ಕಾನೂನು ಪೋಟಾ ಬಂತು, 2004ರಲ್ಲಿ ರದ್ದಾಯಿತು, ಆದರೆ ಅದರ ಎಷ್ಟೋ ಭಾಗ ಅದೇ ವರ್ಷ ಯುಎಪಿಎಗೆ ಹೋಗಿ ಸೇರಿಕೊಂಡಿತು. ಶ್ರೀಲಂಕಾದಲ್ಲೂ 1979ರ ಭಯೋತ್ಪಾದನೆ ತಡೆ ಕಾನೂನು ಮೊದಲು ಮೂರು ವರ್ಷಕ್ಕೆ ಅಂತಲೇ ಬಂದಿದ್ದು, 1982ರಲ್ಲಿ ಅದನ್ನು ಕಾಯಂ ಮಾಡಿದರು. ತಾತ್ಕಾಲಿಕ ಅಂತ ಸರ್ಕಾರ ಹೇಳಿದರೆ ನಾನಂತೂ ನಂಬೋದು ಬಿಟ್ಟಿದ್ದೇನೆ.

ಕಲಬುರಗಿಯ ಒಬ್ಬ ಹುಡುಗನ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಫಾರ್ಮಸಿ ಓದುತ್ತಿದ್ದ. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಕೇಸಿನಲ್ಲಿ 1994ರ ಜನವರಿಯಲ್ಲಿ ಹಿಡಿದರು. ಅವನ ವಿರುದ್ಧ ಇದ್ದ ಮುಖ್ಯ ಸಾಕ್ಷಿ ಪೊಲೀಸ್ ವಶದಲ್ಲಿದ್ದಾಗ ಕೊಟ್ಟ ತಪ್ಪೊಪ್ಪಿಗೆ. ಅಂಥ ಹೇಳಿಕೆ ಮಾಮೂಲಿ ಕೇಸಿನಲ್ಲಿ ನಡೆಯೋದಿಲ್ಲ, ಟಾಡಾದಲ್ಲಿ ನಡೆಯುತ್ತಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಿಟ್ಟಿತು. ಹುಡುಗ ಅಂತ ಒಳಗೆ ಹೋದವನು ನಡುವಯಸ್ಸಿನವನಾಗಿ ಹೊರಗೆ ಬಂದ. ಅಣ್ಣನನ್ನೂ ಹಿಡಿದಿದ್ದರು. ಅಪ್ಪ ಕೇಸು ನಡೆಸಿ ನಡೆಸಿ, ಮಗ ಹೊರಗೆ ಬರೋದನ್ನು ನೋಡದೆ ತೀರಿಕೊಂಡರು.

ಹೊರಗಿನ ದೇಶಗಳದ್ದೂ ಇದೇ ಪಾಡು. ಉತ್ತರ ಐರ್ಲೆಂಡ್‌ನಲ್ಲಿ 1971ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೈನ್ಯ ವಿಚಾರಣೆ ಇಲ್ಲದೆ ಒಂದೇ ದಿನ ಮುನ್ನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡು ಹೋಯಿತು. ಹಿಂಸೆ ಕಡಿಮೆಯಾಗೋದಿರಲಿ, ಅಲ್ಲಿಂದ ಮೇಲೆ ಇನ್ನೂ ಏರಿತು. ಅಮೆರಿಕದ ಲೆಕ್ಕವಂತೂ ತಲೆ ತಿರುಗಿಸುತ್ತದೆ. 2001ರ ದಾಳಿಯಲ್ಲಿ ಸತ್ತವರು ಸುಮಾರು 3,000. ಆಮೇಲಿನ ಯುದ್ಧಗಳ ಖರ್ಚು 8 ಲಕ್ಷ ಕೋಟಿ ಡಾಲರ್ ಅಂತ ಬ್ರೌನ್ ವಿಶ್ವವಿದ್ಯಾಲಯದವರ ಅಂದಾಜು. ಅವರ ಗ್ವಾಂಟನಾಮೋ ಸೇನಾ ಜೈಲಿನಲ್ಲಿ ಇಟ್ಟಿದ್ದು ಸುಮಾರು 780 ಜನರನ್ನು, ಶಿಕ್ಷೆ ಆದವರನ್ನು ಕೈಬೆರಳಲ್ಲಿ ಎಣಿಸಬಹುದು. ಇನ್ನೊಂದು ವಿಚಿತ್ರ ಲೆಕ್ಕ ಇದೆ. ದಾಳಿ ಆದ ಮೇಲೆ ಎಷ್ಟೋ ಜನ ಹೆದರಿ ವಿಮಾನ ಬಿಟ್ಟು ಕಾರಿನಲ್ಲಿ ಓಡಾಡಿದರು. ಅದರಿಂದ ಮುಂದಿನ ಒಂದು ವರ್ಷದಲ್ಲಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚಿಗೆ ಸತ್ತರು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ್ದಾರೆ. ಅವರ ಹೆಸರು ಯಾವ ಸ್ಮಾರಕದ ಮೇಲೂ ಇಲ್ಲ.

ನಮ್ಮೂರಲ್ಲಿ ಈ ಹೆದರಿಕೆ ಕಾಣೋದು ಬಾಡಿಗೆ ಮನೆಯಲ್ಲಿ. ಬಾಡಿಗೆ ಕರಾರು ಟೈಪ್ ಮಾಡಿಸೋಕೆ ನನ್ನ ಹತ್ತಿರ ಬರುತ್ತಾರಲ್ಲ, ಅದಕ್ಕೇ ಗೊತ್ತು. ಪಹಲ್ಗಾಮ್ ದಾಳಿ ಆದ ಮೇಲಿನ ದಿನಗಳು. ಚಳ್ಳಕೆರೆ ಕಡೆಯ ಹುಡುಗ, ಫೈನಾನ್ಸ್ ಕಂಪನಿಯಲ್ಲಿ ಕೆಲಸ, ಅಡ್ವಾನ್ಸ್ ಮಾತಾಡಿ ಆಗಿತ್ತು. ಕರಾರಿಗೆ ಆಧಾರ್ ಜೆರಾಕ್ಸ್ ಕೊಟ್ಟ. ಹೆಸರು ನೋಡಿದ ಮನೆ ಒಡತಿ ನನ್ನನ್ನು ಪಕ್ಕಕ್ಕೆ ಕರೆದರು. ರಿಟೈರ್ಡ್ ಟೀಚರ್, ಒಳ್ಳೆ ಹೆಂಗಸು.

"ನಮ್ದೇನಿಲ್ಲ ತಮ್ಮ, ಹುಡುಗ ಒಳ್ಳೇನೇ ಇರಬಹುದು. ನಾಳೆ ಎಲ್ಲೋ ಏನೋ ಆದ್ರೆ ಪೊಲೀಸ್ರು ನಮ್ಮನೇಗೇ ಬರ್ತಾರಲ್ಲ?"

"ಅವನು ಇಲ್ಲೇ ಚಳ್ಳಕೆರೆಯವನು, ಟೀಚರ್."

"ಗೊತ್ತು ಕಣಪ್ಪ. ಆದ್ರೂ ನಮಗ್ಯಾಕೆ ಊರ ಉಸಾಬರಿ."

ಕರಾರು ಆಗಲಿಲ್ಲ. ಹುಡುಗ ಏನೂ ಮಾತಾಡದೆ ಟೈಪಿಂಗ್ ದುಡ್ಡು ಕೊಟ್ಟು ಹೋದ, ಬೇಡ ಅಂದರೂ ಕೇಳಲಿಲ್ಲ. ಟೀಚರ್‌ಗೆ ದ್ವೇಷ ಇತ್ತು ಅಂತ ನನಗೆ ಅನ್ನಿಸೋದಿಲ್ಲ. ಅವರಿಗೆ ಇದ್ದದ್ದು ಪೊಲೀಸರ ಭಯ. ಯಾರನ್ನು ಬೇಕಾದರೂ ಎತ್ತಿಕೊಂಡು ಹೋಗಬಹುದು, ಒಮ್ಮೆ ಹೋದರೆ ವರ್ಷಗಟ್ಟಲೆ ಬರೋದಿಲ್ಲ ಅಂತ ಗೊತ್ತಿರುವ ಕಡೆ ಜನ ಪಕ್ಕದವರಿಂದ ದೂರ ಇರೋದನ್ನೇ ಕಲಿಯುತ್ತಾರೆ. ಈ ನಷ್ಟ ಯಾವ ಬಜೆಟ್ಟಿನಲ್ಲೂ ಬರೋದಿಲ್ಲ.

ಹಾಗಾದರೆ ಸರ್ಕಾರ ಸುಮ್ನೆ ಕೂರಬೇಕಾ ಅಂತ ಕೇಳ್ತೀರಿ. ಬೇಡ. (ಇಲ್ಲಿ ಓಬವ್ವನ ಕಿಂಡಿ ಉದಾಹರಣೆ ಕೊಡೋದಿಲ್ಲ, ನಮ್ಮೂರಿನವರು ಅದನ್ನು ಕ್ರಿಕೆಟ್ ಮ್ಯಾಚಿಗೂ ಎಳೆದು ತಂದಿದ್ದಾರೆ.) ಮುಂಬೈ ದಾಳಿ ದಿನ ಎನ್‌ಎಸ್‌ಜಿ ಕಮಾಂಡೋಗಳು ದೆಹಲಿ ಕಡೆಯಿಂದ ಹೊರಟು ಅಲ್ಲಿಗೆ ತಲುಪುವಷ್ಟರಲ್ಲಿ ಎಷ್ಟೋ ಗಂಟೆ ಹೋಗಿತ್ತು. ಆಮೇಲೆ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲೂ ಎನ್‌ಎಸ್‌ಜಿ ಕೇಂದ್ರ ಮಾಡಿದರು, ಕರಾವಳಿ ಕಾವಲು ಹೆಚ್ಚಿಸಿದರು. ಇದು ಕೆಲಸ. ಕಸಬ್‌ನನ್ನು ಜೀವಂತ ಹಿಡಿದು, ವಕೀಲರನ್ನು ಕೊಟ್ಟು, ಸಾಕ್ಷಿ ಇಟ್ಟು, ನಾಲ್ಕು ವರ್ಷದೊಳಗೆ ಸುಪ್ರೀಂ ಕೋರ್ಟ್‌ವರೆಗೆ ಕೇಸು ಮುಗಿಸಿದರು. ಅದೂ ಕೆಲಸವೇ. ಪುರಾವೆ ಗಟ್ಟಿ ಇದ್ದಾಗ ತಪ್ಪೊಪ್ಪಿಗೆಗೆ ಜೋತುಬೀಳುವ ಅಗತ್ಯ ಬರೋದಿಲ್ಲ. ವಿಧಿವಿಜ್ಞಾನ ಲ್ಯಾಬ್‌ಗೆ ದುಡ್ಡು, ತನಿಖೆ ಮಾಡೋಕೆ ಬರುವ ಪೊಲೀಸರು, ಖಾಲಿ ಬಿದ್ದ ಜಡ್ಜ್ ಹುದ್ದೆಗಳಿಗೆ ಜನ. ಇವನ್ನು ಕೇಳಿ ಮೆರವಣಿಗೆ ಮಾಡಿದ್ದನ್ನು ನಾನು ಗಾಂಧಿ ಸರ್ಕಲ್‌ನಲ್ಲಿ ಇನ್ನೂ ನೋಡಿಲ್ಲ.

ಇನ್ನು ಪರಿಹಾರ. ತಪ್ಪು ಕೇಸಿನಲ್ಲಿ ಜೈಲಿನಲ್ಲಿ ಕೊಳೆತವರಿಗೆ ಪರಿಹಾರ ಕೊಡೋಕೆ ಒಂದು ಕಾನೂನು ಮಾಡಿ ಅಂತ ಕಾನೂನು ಆಯೋಗ 2018ರಲ್ಲಿ 277ನೇ ವರದಿ ಕೊಟ್ಟಿತು. ಅಂಥ ಕಾನೂನು ಬರಲಿಲ್ಲ. ಈಗ ಬಿಡುಗಡೆಯಾದವನು ಏನಾದರೂ ಕೇಳಬೇಕು ಅಂದರೆ ಮತ್ತೆ ಹೊಸ ಅರ್ಜಿ, ಮತ್ತೆ ವಕೀಲರು, ಮತ್ತೆ ಡೇಟ್ ಮೇಲೆ ಡೇಟ್. 2002ರ ಅಕ್ಷರಧಾಮ ದಾಳಿ ಕೇಸಿನಲ್ಲಿ ಆರೂ ಮಂದಿಯನ್ನು ಸುಪ್ರೀಂ ಕೋರ್ಟ್ ಬಿಟ್ಟದ್ದು 2014ರ ಮೇ 16ರಂದು. ಅವರಲ್ಲಿ ಮೂವರಿಗೆ ಗಲ್ಲು ಆಗಿತ್ತು. ಅವತ್ತು ಲೋಕಸಭೆ ಚುನಾವಣೆ ಫಲಿತಾಂಶ, ನಾವೆಲ್ಲ ಟಿವಿ ಮುಂದೆ ಸೀಟು ಎಣಿಸುತ್ತಿದ್ದೆವು. ಆಮೇಲೆ ಅವರಲ್ಲಿ ಕೆಲವರು ಪರಿಹಾರ ಕೇಳಿ ಅದೇ ಕೋರ್ಟಿಗೆ ಹೋದರು. 2016ರಲ್ಲಿ ಕೋರ್ಟ್ ಆಗೋದಿಲ್ಲ ಅಂದಿತು.