ಎಂಟರಲ್ಲಿ ಒಂದು

ಅಕ್ಕನ ಮಗಳು ಐದನೇ ಕ್ಲಾಸು. ಹೋದ ವಾರ ಹೋಂವರ್ಕ್ ತಂದು ನನ್ನ ಮುಂದಿಟ್ಟಳು. 1/4, 1/8 ಇವುಗಳಲ್ಲಿ ಯಾವುದು ದೊಡ್ಡದು ಅನ್ನೋ ಪ್ರಶ್ನೆಗೆ 1/8 ಎಂದು ಬರೆದಿದ್ದಳು.

"ನಾಲ್ಕಕ್ಕಿಂತ ಎಂಟು ಜಾಸ್ತಿ ಅಲ್ವಾ ಚಿಕ್ಕಮ್ಮ?"

ಅವಳು ಅದನ್ನು ‘ಒನ್ ಬೈ ಏಟ್’ ಎಂದು ಓದುತ್ತಾಳೆ. ಹಾಗೆ ಓದಿದರೆ ಕಿವಿಗೆ ಬೀಳುವುದು ಒಂದು, ಎಂಟು ಅನ್ನೋ ಎರಡು ಸಂಖ್ಯೆ ಅಷ್ಟೆ. ನಮ್ಮ ಮೇಷ್ಟ್ರು ಕೆಳಗಿನಿಂದ ಓದಿಸುತ್ತಿದ್ದರು: ಎಂಟರಲ್ಲಿ ಒಂದು. ಮೊದಲು ಛೇದ, ಎಷ್ಟು ಪಾಲು ಮಾಡಿದೆವು ಅಂತ. ಆಮೇಲೆ ಅಂಶ, ಅದರಲ್ಲಿ ಎಷ್ಟು ತೆಗೆದುಕೊಂಡೆವು ಅಂತ. ಭಿನ್ನರಾಶಿಯನ್ನು ಮಕ್ಕಳಿಗೆ ಹೀಗೇ ಓದಿಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಅವತ್ತು ರಾತ್ರಿ ಚಪಾತಿ. ಒಂದೇ ಅಳತೆಯ ಎರಡನ್ನು ತೆಗೆದುಕೊಂಡು ಒಂದನ್ನು ನಾಲ್ಕು ಪಾಲು, ಇನ್ನೊಂದನ್ನು ಎಂಟು ಪಾಲು ಮಾಡಿದೆವು. (ಅಳತೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸುವುದಕ್ಕೇ ಅರ್ಥವಿಲ್ಲ.) ಎಂಟರ ಎರಡು ಚೂರನ್ನು ಅವಳೇ ನಾಲ್ಕರ ಒಂದು ಚೂರಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಳು. ಸರಿಯಾಗಿ ಮುಚ್ಚಿಕೊಂಡಿತು. ಏನೂ ಹೇಳದೆ ರಬ್ಬರ್ ತಂದು ಉತ್ತರ ಅಳಿಸಿದಳು.

ಆಮೇಲೆ ಕೇಳಿದೆ, ಒಂದು ಚಪಾತಿಯನ್ನು ಐದು ಪಾಲು ಮಾಡಿ ಮೂರು ತಿನ್ನಬಹುದು, ಏಳು ತಿನ್ನಬಹುದಾ? "ಇನ್ನೊಂದು ಚಪಾತಿ ಬೇಕಾಗುತ್ತೆ." ಸಮ, ವಿಷಮ ಭಿನ್ನರಾಶಿಗಳ ವ್ಯತ್ಯಾಸ ಅಂದರೆ ಇದೇ. 3/5 ಸಮ ಭಿನ್ನರಾಶಿ. ಅದರಲ್ಲಿ ಅಂಶ ಛೇದಕ್ಕಿಂತ ಚಿಕ್ಕದು, ಹಾಗಾಗಿ ಅದು ಒಂದಕ್ಕಿಂತ ಕಡಿಮೆ, ಒಂದೇ ಚಪಾತಿಯೊಳಗೆ ಮುಗಿಯುತ್ತದೆ. 7/5 ವಿಷಮ ಭಿನ್ನರಾಶಿ. ‘ಐದರಲ್ಲಿ ಏಳು’ ಅನ್ನುವಾಗಲೇ ನಾಲಿಗೆ ತಡವರಿಸುತ್ತದೆ ನೋಡಿ. 5/5 ಪೂರ್ತಿ ಒಂದು, ಅದೂ ವಿಷಮದ ಗುಂಪಿಗೇ ಸೇರುತ್ತದೆ.

ನಮ್ಮ ಮಾತಿನಲ್ಲೇ ಇದೆಲ್ಲ ಇದೆ. ಮುಕ್ಕಾಲು ಅಂದರೆ ಮೂರು ಕಾಲು, 3/4. ಅಂಗಡಿಯಲ್ಲಿ ಮುಕ್ಕಾಲು ಕೆ.ಜಿ. ಟೊಮೆಟೊ ಕೇಳಿದರೆ 750 ಗ್ರಾಂ ತೂಗುತ್ತಾರೆ. 5/4 ಅಂದರೆ ಒಂದೂಕಾಲು. ನಾಲ್ಕು ಪಾವು ಸೇರಿದರೆ ಒಂದು ಸೇರು. ಹಳೇ ಲೆಕ್ಕದಲ್ಲಂತೂ 1/16ಕ್ಕೂ ವೀಸ ಅನ್ನೋ ಹೆಸರಿತ್ತು.

ಇನ್ನೊಂದು ತಪ್ಪು ಹಾಗೇ ಉಳಿದಿದೆ. 1/2ಕ್ಕೆ 1/4 ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/6 ಎಂದು ಬರೆಯುತ್ತಾಳೆ. ಆರರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ, ಕೂಡಿಸಿದ ಮೇಲೆ ಕಡಿಮೆ ಆಗುವುದು ಹೇಗೆ? ಪುಸ್ತಕ ಮುಚ್ಚಿಟ್ಟು ಬಾಯಲ್ಲಿ ಕೇಳಿದೆ, ಅರ್ಧಕ್ಕೆ ಕಾಲು ಸೇರಿಸಿದರೆ ಎಷ್ಟು ಪುಟ್ಟಿ? "ಮುಕ್ಕಾಲು" ಅಂದಳು, ತಟ್ಟನೆ. ಭಾನುವಾರ ಅಲ್ಲಿಂದಲೇ ಶುರು ಮಾಡುತ್ತೇವೆ.