ಕಲ್ಲಿಗಿಂತ ಮೊದಲು ಬೆಟ್ಟ ನೋಡಿ

ನಾನು 22 ವರ್ಷ ಸರ್ವೆ ಕೆಲಸ ಮಾಡಿದವನು. ರಸ್ತೆ, ಕಾಲುವೆ, ಹೊಲದ ಗಡಿ. ಎಲ್ಲಿಗೆ ಹೋದರೂ ಮೊದಲು ಕಣ್ಣು ಹೋಗುವುದು ದೂರದ ಬೆಟ್ಟದ ಅಂಚಿಗೆ. 2025ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪಕ್ಕೆ ಹೋಗಿದ್ದು ಕ್ಯಾಲನಿಶ್ ಕಲ್ಲುಗಳನ್ನು ನೋಡಲು. ಅಲ್ಲೂ ಹಾಗೇ ಆಯ್ತು.

ಕಲ್ಲುಗಳೇನೂ ಕಡಿಮೆಯಲ್ಲ. 13 ಕಲ್ಲುಗಳ ವೃತ್ತ, ನಡುವೆ 4.8 ಮೀಟರ್ ಎತ್ತರದ ಒಂಟಿ ಕಲ್ಲು, ಉತ್ತರಕ್ಕೆ 80 ಮೀಟರಿಗೂ ಉದ್ದದ ಜೋಡಿ ಸಾಲು. ನಿಲ್ಲಿಸಿ ಹತ್ತಿರ ಹತ್ತಿರ 5000 ವರ್ಷ ಆಗಿದೆ. ಕೈ ಇಟ್ಟರೆ ಕಲ್ಲಿನ ಮೈ ಮರದ ಹಲಗೆಯ ಹಾಗೆ ಗೆರೆ ಗೆರೆ. ನಕ್ಷೆ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಆದರೆ ಆ ನಕ್ಷೆಯಲ್ಲಿ ಒಂದು ಅಳತೆ ಇರುವುದಿಲ್ಲ. ಸುತ್ತಲಿನ ದಿಗಂತ ಎಷ್ಟು ಎತ್ತರ ಅನ್ನುವುದು.

ಅದು ಯಾಕೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. ಈ ಕಲ್ಲುಗಳನ್ನು ಸೂರ್ಯ ಚಂದ್ರ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದಿಸಿ ನಿಲ್ಲಿಸಿದ್ದಾರೆ ಅನ್ನುವ ವಾದ ಇದೆ. ಕ್ಯಾಲನಿಶ್ ಇರುವುದು 58 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ನೆಟ್ಟಗೆ ಮೇಲೇರುವುದಿಲ್ಲ, ಓರೆಯಾಗಿ ಬಲಕ್ಕೆ ಜಾರುತ್ತಾ ಏರುತ್ತಾನೆ. ಹಾಗಾಗಿ ಬೆಟ್ಟ ಅಡ್ಡ ಬಂದರೆ ಹುಟ್ಟುವ ಜಾಗವೇ ಬದಲಾಗುತ್ತದೆ. ಜೂನ್‌ನ ಅತಿ ಉದ್ದದ ಹಗಲಿನ ದಿನ, ಸಮತಟ್ಟು ಬಯಲಾದರೆ ಉತ್ತರದಿಂದ ಪೂರ್ವಕ್ಕೆ ಸುಮಾರು 40 ಡಿಗ್ರಿಗೆ ಹುಟ್ಟಬೇಕು. ಬರೀ 1 ಡಿಗ್ರಿ ಎತ್ತರದ ಗುಡ್ಡ ಅಡ್ಡ ಇದ್ದರೆ ಸುಮಾರು ಎರಡೂವರೆ ಡಿಗ್ರಿ ಬಲಕ್ಕೆ ಸರಿಯುತ್ತಾನೆ. ಅಂದರೆ ಐದು ಸೂರ್ಯರನ್ನು ಪಕ್ಕಪಕ್ಕ ಇಟ್ಟಷ್ಟು! ಗುಡ್ಡ ಬಿಟ್ಟು ಕಲ್ಲು ಮಾತ್ರ ಅಳೆದರೆ ಲೆಕ್ಕ ಎಲ್ಲಿ ಕೂಡುತ್ತೆ?

ಇದನ್ನು ಗಂಭೀರವಾಗಿ ಹಿಡಿದವರು ಆಕ್ಸ್‌ಫರ್ಡಿನ ಎಂಜಿನಿಯರಿಂಗ್ ಪ್ರೊಫೆಸರ್ ಅಲೆಕ್ಸಾಂಡರ್ ಥಾಮ್. ಕೋನ ಅಳೆಯುವ ಥಿಯೋಡೊಲೈಟ್ ಹೊತ್ತು ನೂರಾರು ಕಲ್ಲುವೃತ್ತ ಅಳೆದರು, ಬೆಟ್ಟದ ಅಂಚನ್ನೂ ಅಳೆದರು. ಅವರ ಮೇಲೆ ನನಗೆ ತುಂಬಾ ಗೌರವ. ಆದರೂ ಅವರು ಹೇಳಿದಷ್ಟು ಸೂಕ್ಷ್ಮ ನಿಖರತೆ ಕಲ್ಲು ನಿಲ್ಲಿಸಿದ ಆ ಜನರಿಗೆ ಇತ್ತು ಅಂತ ಒಪ್ಪಲು ಆಗುವುದಿಲ್ಲ. 13 ಕಲ್ಲುಗಳಲ್ಲಿ ಎರಡೆರಡು ಸೇರಿಸಿದರೆ 78 ಗೆರೆ, ಎರಡೂ ಕಡೆ ನೋಡಿದರೆ 156 ದಿಕ್ಕು. ಯಾವುದೋ ಒಂದು ಏನಕ್ಕೋ ಹೊಂದಿಯೇ ಹೊಂದುತ್ತದೆ, ಅಲ್ವಾ? ಇಂಥ ಕಲ್ಲುಗಳ ಖಗೋಳ ನಂಟನ್ನೇ ಅಧ್ಯಯನ ಮಾಡಿದ ಕ್ಲೈವ್ ರಗಲ್ಸ್ ಆಮೇಲೆ ಎತ್ತಿದ ತಕರಾರೂ ಇದೇ ಜಾತಿಯದು. 2016ರಲ್ಲಿ ಸಂಶೋಧಕರಾದ ಗೇಲ್ ಹಿಗಿನ್‌ಬಾಟಮ್ ಮತ್ತು ರೋಜರ್ ಕ್ಲೇ ಬಿಡಿ ಗೆರೆಗಳ ಹಿಂದೆ ಬೀಳದೆ, ಕ್ಯಾಲನಿಶ್ ಮತ್ತು ಆರ್ಕ್ನಿ ದ್ವೀಪಗಳ ಸ್ಟೆನ್ನೆಸ್ ವೃತ್ತಗಳ ಲೆಕ್ಕವನ್ನು ಒಟ್ಟಾರೆ ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಿದರು. ಸೂರ್ಯ ಚಂದ್ರರ ನಂಟು ಆಕಸ್ಮಿಕ ಅಲ್ಲ ಅಂತ ಬಂತು. ನನಗೆ ಒಪ್ಪಿಗೆಯಾಗುವ ದಾರಿ ಇದು.

ಇನ್ನು ಚಂದ್ರ. ನಾನು ಹೋಗಿದ್ದೇ ಅವನಿಗಾಗಿ. ಚಂದ್ರನ ಹಾದಿ ಸೂರ್ಯನ ಹಾದಿಗೆ 5 ಡಿಗ್ರಿ ಓರೆ. ಆ ಓರೆ 18.6 ವರ್ಷಕ್ಕೊಮ್ಮೆ ಒಂದು ಸುತ್ತು ತಿರುಗುತ್ತದೆ. ಆ ಸುತ್ತಿನ ಒಂದು ಹಂತದಲ್ಲಿ, ಅಲ್ಲಿನ ಬೇಸಿಗೆಯ ಹುಣ್ಣಿಮೆ ಚಂದ್ರ ದಕ್ಷಿಣದಲ್ಲಿ ತೀರಾ ತಗ್ಗಿಗೆ ಬರುತ್ತಾನೆ. 2006ರಲ್ಲಿ ಹಾಗೆ ಬಂದಿದ್ದ, 2025ರಲ್ಲಿ ಮತ್ತೆ. ದಕ್ಷಿಣದ ಬೆಟ್ಟಸಾಲು ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ. ಹಣೆ, ಎದೆ, ಮೊಣಕಾಲು. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಜೌಗುಬಯಲಿನ ಮುದುಕಿ.

ಎರಡು ರಾತ್ರಿ ಮೋಡ. ಮೂರನೇ ರಾತ್ರಿ ಆಕಾಶ ಬಿಟ್ಟಿತು. ಜೋಡಿ ಸಾಲಿನ ಉತ್ತರ ತುದಿಯಲ್ಲಿ ಟ್ರೈಪಾಡ್ ಊರಿ, ಎತ್ತರದ ಕೋನ ಅಳೆಯುವ ಆಬ್ನಿ ಲೆವೆಲ್ ಜೇಬಿನಲ್ಲಿಟ್ಟುಕೊಂಡು ಕಾದೆ. ಬಯಲಾಗಿದ್ದರೆ ಉತ್ತರದಿಂದ 156 ಡಿಗ್ರಿಯ ಹತ್ತಿರ ಚಂದ್ರ ಹುಟ್ಟಬೇಕು. ಅಲ್ಲಿ ಏನೂ ಇಲ್ಲ. ಅಲ್ಲಿಂದ ಹಲವು ಡಿಗ್ರಿ ಬಲಕ್ಕೆ, ತಡವಾಗಿ, ಬೆಟ್ಟದ ಅಂಚು ಕೆಂಪಾಯಿತು. ಜೂನ್ ರಾತ್ರಿ ಅಲ್ಲಿ ಪೂರ್ತಿ ಕತ್ತಲಾಗುವುದಿಲ್ಲ, ಹಾಗಾಗಿ ಬೆಟ್ಟದ ಗೆರೆ ಚೆನ್ನಾಗಿ ಕಾಣುತ್ತಿತ್ತು. ಚಂದ್ರ ಮೇಲೇರಲೇ ಇಲ್ಲ. ಕೈ ಚಾಚಿ ಹಿಡಿದ ಒಂದು ಬೆರಳಿನ ಅಗಲದಷ್ಟು ಎತ್ತರದಲ್ಲೇ, ಆ ಮುದುಕಿಯ ಮೈ ಸವರುತ್ತಾ ಬಲಕ್ಕೆ ಉರುಳಿದ. ರೀಡಿಂಗ್ ಬರೆಯುವುದೇ ಮರೆತುಹೋಯಿತು.

ನೆನಪಾದ ಮೇಲೆ ಕಲ್ಲುಸಾಲಿನ ಒಳಗೆ ದಕ್ಷಿಣಕ್ಕೆ ನಡೆಯತೊಡಗಿದೆ. ವೃತ್ತದ ಪಕ್ಕದಲ್ಲೇ ಒಂದು ಬಂಡೆದಿಬ್ಬ ಇದೆ. ಹತ್ತಿರ ಹೋದಷ್ಟೂ ಅದು ಎದ್ದು ನಿಂತು ದೂರದ ಬೆಟ್ಟಗಳನ್ನು ನುಂಗಿತು, ಜೊತೆಗೆ ಚಂದ್ರನನ್ನೂ. ಹಿಂದಕ್ಕೆ ಹೆಜ್ಜೆ ಇಟ್ಟೆ, ಚಂದ್ರ ಬಂದ. ಮುಂದಕ್ಕೆ ಇಟ್ಟೆ, ಹೋದ. ಇದನ್ನೇ ಆ ರಾತ್ರಿ ಏಳೆಂಟು ಸಲ ಮಾಡಿದೆ. ಮಾಡುವಾಗೆಲ್ಲ ಕೈಗೆ ಸಿಕ್ಕ ಕಲ್ಲನ್ನು ಹಿಡಿದುಕೊಂಡಿದ್ದೆ, ಅದು ತಣ್ಣಗೆ ಒದ್ದೆಯಾಗಿತ್ತು.